ಒಬ್ಬರೇ, ಕಡಿಮೆ ಖರ್ಚಿನಲ್ಲಿ ಜಪಾನ್: ಸರೋವರದ ದಡದಲ್ಲಿ ತಂಗಿ, ಕ್ಯೋಟೊ ನೋಡಿ ಬನ್ನಿ

ಜಪಾನ್ ದುಬಾರಿ ಅನ್ನುವ ಮಾತು ಅರ್ಧ ಮಾತ್ರ ನಿಜ. ಅಲ್ಲಿ ಸಾಧಾರಣ ಊಟ ದುಬಾರಿಯಲ್ಲ, ದೇವಾಲಯಗಳ ಪ್ರವೇಶ ಶುಲ್ಕವೂ ಹೊರೆಯಲ್ಲ. ಜೇಬು ಬರಿದು ಮಾಡುವುದು ಮುಖ್ಯವಾಗಿ ಎರಡು: ಊರಿಂದೂರಿಗೆ ಬುಲೆಟ್ ರೈಲು ಹತ್ತುವುದು, ಎಲ್ಲ ಪ್ರವಾಸಿಗರೂ ತಂಗುವ ಊರಿನಲ್ಲೇ ನಾವೂ ತಂಗುವುದು. ಇವೆರಡನ್ನೂ ಬಿಟ್ಟರೆ ಒಬ್ಬರೇ ಹೋಗುವವರಿಗೂ ಜಪಾನ್ ಕೈಗೆಟುಕುತ್ತದೆ.

ಅದಕ್ಕೆ ನನ್ನ ಸಲಹೆ ಇದು. ಟೋಕಿಯೊ, ಫುಜಿ, ಒಸಾಕಾ, ಹಿರೋಶಿಮಾ ಎಂದು ದೇಶದುದ್ದ ಓಡಬೇಡಿ. ಕ್ಯೋಟೊ ನಗರ, ಅದರ ಪಕ್ಕದ ಬಿವಾ ಸರೋವರ, ಇಷ್ಟನ್ನೇ ಹಿಡಿಯಿರಿ. ಬಿವಾ ಜಪಾನಿನ ಅತಿ ದೊಡ್ಡ ಸರೋವರ, ವಿಸ್ತೀರ್ಣ ಸುಮಾರು 670 ಚದರ ಕಿಲೋಮೀಟರ್. ಶಿಗಾ ಪ್ರಾಂತ್ಯದ ಆರರಲ್ಲೊಂದು ಭಾಗ ಬರೀ ನೀರು. ಅದರ ದಕ್ಷಿಣ ತುದಿಯ ಓತ್ಸು ಪಟ್ಟಣದಿಂದ ಕ್ಯೋಟೊ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತೇ ನಿಮಿಷ, ಟಿಕೆಟ್ ಸುಮಾರು 200 ಯೆನ್. ಬೆಂಗಳೂರಿನಲ್ಲಿ ಅಷ್ಟು ಹೊತ್ತಿಗೆ ಒಂದು ಸಿಗ್ನಲ್ ದಾಟಿದರೆ ಪುಣ್ಯ. ಆದರೂ ಬಹುತೇಕ ಪ್ರವಾಸಿಗರು ಕ್ಯೋಟೊದಲ್ಲೇ ಕೋಣೆ ಹುಡುಕುತ್ತಾರೆ, ಚೆರ್ರಿ ಹೂವಿನ ಕಾಲದಲ್ಲಿ ಎರಡು ಪಟ್ಟು ಬಾಡಿಗೆ ಕೊಡುತ್ತಾರೆ.

ಮೊದಲು ಕಾಲ ನಿರ್ಧರಿಸಿ

ಸೈಕಲ್ಲೂ ತುಳಿಯಬೇಕು, ನಗರವೂ ನೋಡಬೇಕು ಅಂದರೆ ಏಪ್ರಿಲ್ ಮಧ್ಯಭಾಗ, ಮೇ ತಿಂಗಳ ಎರಡನೇ ವಾರದಿಂದ ಕೊನೆಯವರೆಗೆ, ಇಲ್ಲವೇ ಅಕ್ಟೋಬರ್–ನವೆಂಬರ್ ಒಳ್ಳೆಯದು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ‘ಗೋಲ್ಡನ್ ವೀಕ್’ ರಜೆ, ಆಗ ಇಡೀ ಜಪಾನೇ ಪ್ರವಾಸದಲ್ಲಿರುತ್ತದೆ. ಜೂನ್‌ನಿಂದ ಜುಲೈ ಮಧ್ಯದವರೆಗೆ ಜಡಿಮಳೆ. ಆಗಸ್ಟ್ ಸೆಖೆಯನ್ನು ನಮ್ಮ ಮಂಗಳೂರಿನವರು ತಡೆದುಕೊಂಡಾರು, ಆದರೆ 35 ಡಿಗ್ರಿಯಲ್ಲಿ ದಿನವಿಡೀ ಪೆಡಲ್ ತುಳಿಯುವುದು ಬೇರೆ ಮಾತು. ಚಳಿಗಾಲದಲ್ಲಿ ಸರೋವರದ ಉತ್ತರ ಭಾಗಕ್ಕೆ ಹಿಮ ಬೀಳುತ್ತದೆ, ಕತ್ತಲೂ ಸಂಜೆ ಐದಕ್ಕೇ ಕವಿಯುತ್ತದೆ.

ಕ್ಯೋಟೊದ ಚೆರ್ರಿ ಉದುರುವ ಹೊತ್ತಿಗೆ ಸರೋವರದ ಉತ್ತರ ದಂಡೆಯ ಕಾಯ್ಝು ಓಸಾಕಿಯಲ್ಲಿ ಅರಳುತ್ತದೆ. ಸುಮಾರು 4 ಕಿಲೋಮೀಟರ್ ಉದ್ದಕ್ಕೆ 800ರಷ್ಟು ಮರಗಳು, ಕೆಳಗೆ ನೀರು. ಏಪ್ರಿಲ್ ಮಧ್ಯಭಾಗ ಎಂದು ಹೇಳಿದ್ದು ಇದಕ್ಕೇ.

ವೀಸಾ, ವಿಮಾನ, ಹಣ

ಭಾರತದಲ್ಲಿ ವಾಸಿಸುವ ಭಾರತೀಯರಿಗೆ ಜಪಾನ್ 2024ರ ಏಪ್ರಿಲ್‌ನಿಂದ ಇ-ವೀಸಾ ಕೊಡುತ್ತಿದೆ. ಅರ್ಜಿ ವಿಎಫ್‌ಎಸ್ ಎಂಬ ಕಂಪನಿಯ ವೀಸಾ ಅರ್ಜಿ ಕೇಂದ್ರದ ಮೂಲಕ; ಬೆಂಗಳೂರಿನಲ್ಲೂ ಕೇಂದ್ರವಿದೆ. ಬ್ಯಾಂಕ್ ವಿವರ, ಆದಾಯ ತೆರಿಗೆ ದಾಖಲೆ, ದಿನವಾರು ಪ್ರವಾಸ ಪಟ್ಟಿ ಬೇಕು. ಪಟ್ಟಿಯಲ್ಲಿ ‘ಸೈಕಲ್ ಸವಾರಿ’ ಎಂದು ಬರೆಯಲು ಅಂಜಬೇಡಿ, ಯಾವ ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದು ಸ್ಪಷ್ಟವಾಗಿದ್ದರಾಯಿತು. ಒಂದು ಎಚ್ಚರಿಕೆ: ಈ ವೀಸಾವನ್ನು ವಿಮಾನ ನಿಲ್ದಾಣದಲ್ಲಿ ಇಂಟರ್ನೆಟ್ ಇರುವ ಫೋನಿನಲ್ಲೇ ತೆರೆದು ತೋರಿಸಬೇಕು. ಪ್ರಿಂಟು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಹೊರಡುವ ಮುಂಚೆಯೇ ‘ವಿಸಿಟ್ ಜಪಾನ್ ವೆಬ್’ನಲ್ಲಿ ವಲಸೆ ಮತ್ತು ಕಸ್ಟಮ್ಸ್ ವಿವರ ತುಂಬಿಟ್ಟರೆ ಇಳಿದ ಮೇಲೆ ಕಾಗದ ತುಂಬುವ ಕೆಲಸ ತಪ್ಪುತ್ತದೆ.

ಬೆಂಗಳೂರಿನಿಂದ ಟೋಕಿಯೊದ ನರಿತಾಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಆದರೆ ನಮಗೆ ಬೇಕಾಗಿರುವುದು ಒಸಾಕಾ ಬಳಿಯ ಕನ್ಸಾಯ್ ನಿಲ್ದಾಣ. ಬ್ಯಾಂಕಾಕ್, ಕೌಲಾಲಂಪುರ ಅಥವಾ ಸಿಂಗಪುರದಲ್ಲಿ ಬದಲಿಸಿ ನೇರ ಅಲ್ಲಿಗೇ ಇಳಿಯುವ ಟಿಕೆಟ್ ಹುಡುಕಿ. ನರಿತಾದಲ್ಲಿ ಇಳಿದರೆ ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿಗೇ ಸುಮಾರು 14,000 ಯೆನ್ ಹೋಗುತ್ತದೆ. ರಾತ್ರಿ ಬಸ್ಸು ಅದಕ್ಕಿಂತ ಬಹಳ ಅಗ್ಗ, ಆದರೆ ಬಂದ ದಿನವೇ ಬೇಡ.

ಜೆಆರ್ (ಜಪಾನ್ ರೈಲ್ವೇಸ್) ರೈಲುಗಳಲ್ಲಿ ದೇಶವಿಡೀ ಓಡಾಡಲು ವಿದೇಶಿ ಪ್ರವಾಸಿಗರಿಗೆ ಕೊಡುವ ಜೆಆರ್ ಪಾಸ್ ಬಗ್ಗೆ ಹಳೆಯ ವಿಡಿಯೊಗಳನ್ನು ನಂಬಬೇಡಿ. 7 ದಿನದ ಪಾಸಿನ ಬೆಲೆ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ ಒಮ್ಮೆಲೇ 50,000ಕ್ಕೆ ಏರಿತು. ನಮ್ಮ ಯೋಜನೆಗೆ ಅದು ಶುದ್ಧ ದಂಡ. ಇಕೋಕಾ ಕಾರ್ಡ್ ಸಾಕು: 2,000 ಯೆನ್ ಕೊಟ್ಟರೆ 500 ಠೇವಣಿ, ಉಳಿದದ್ದು ಬಳಸಲು. ರೈಲು, ಬಸ್ಸು, ಅಂಗಡಿ, ಬಹುತೇಕ ಎಲ್ಲೆಡೆ ಅದನ್ನೇ ತಾಗಿಸಬಹುದು.

ಒಂದು ಯೆನ್ ಅಂದರೆ ಅಂದಾಜು 55ರಿಂದ 60 ಪೈಸೆ. ದರ ಏರಿಳಿಯುತ್ತದೆ, ಹೊರಡುವ ವಾರ ನೋಡಿಕೊಳ್ಳಿ. ಹಳ್ಳಿ ಕಡೆಯ ಸಣ್ಣ ಅಂಗಡಿ, ದೇವಾಲಯಗಳಿಗೆ ನಗದು ಬೇಕೇ ಬೇಕು. ಸೆವೆನ್ ಇಲೆವೆನ್ ಅಂಗಡಿಗಳ ಎಟಿಎಂ ವಿದೇಶಿ ಕಾರ್ಡ್ ಒಪ್ಪುತ್ತದೆ. ಅಲ್ಲಿನ ವಿದ್ಯುತ್ 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಪಿನ್ನು. ಅಡಾಪ್ಟರ್ ಇಲ್ಲಿಂದಲೇ ಕೊಂಡೊಯ್ಯಿರಿ.

ದಿನದ ಖರ್ಚಿನ ನನ್ನ ಅಂದಾಜು ಹೀಗೆ. ಹಾಸ್ಟೆಲ್ ಡಾರ್ಮಿಟರಿಯ ಹಾಸಿಗೆಗೆ 3,500ರಿಂದ 4,500 ಯೆನ್, ಊಟ ತಿಂಡಿಗೆ 2,000, ರೈಲಿಗೆ 1,000, ಪ್ರವೇಶ ಶುಲ್ಕಕ್ಕೆ 500ರಿಂದ 1,000. ಒಟ್ಟು 8,000 ಯೆನ್ ಆಸುಪಾಸು, ಅಂದರೆ ನಾಲ್ಕೂವರೆಯಿಂದ ಐದು ಸಾವಿರ ರೂಪಾಯಿ. ಸೈಕಲ್ ಬಾಡಿಗೆಯ ದಿನ ಇದಕ್ಕೆ 3,000ರಿಂದ 5,000 ಯೆನ್ ಸೇರುತ್ತದೆ, ಪ್ರವೇಶ ಶುಲ್ಕ ಕಳೆಯುತ್ತದೆ.

ಎಲ್ಲಿ ತಂಗುವುದು

ಓತ್ಸು ನನ್ನ ಮೊದಲ ಆಯ್ಕೆ. ಅಲ್ಲಿ ಸಿಗದಿದ್ದರೆ ಇನ್ನೂ ಕೆಲವು ನಿಲ್ದಾಣ ಆಚೆಯ ಕುಸಾತ್ಸು, ಕೋಟೆ ಇರುವ ಹಿಕೊನೆ. ಕ್ಯೋಟೊದಿಂದ ಹೊರಡುವ ‘ಶಿನ್‌ಕಾಯ್ಸೊಕು’ ಎಂಬ ವೇಗದ ರೈಲು ಇವನ್ನೆಲ್ಲ ದಾಟಿ ಒಂದು ಗಂಟೆಯೊಳಗೆ ಮೈಬಾರಾ ಮುಟ್ಟುತ್ತದೆ. ವೇಗಕ್ಕೆಂದು ಹೆಚ್ಚುವರಿ ಶುಲ್ಕವಿಲ್ಲ, ಸಾಮಾನ್ಯ ಟಿಕೆಟ್ ಸಾಕು.

ಒಬ್ಬರೇ ಹೋಗುವವರಿಗೆ ಹಾಸ್ಟೆಲ್ಲಿನಿಂದ ಇನ್ನೊಂದು ಲಾಭವಿದೆ: ಅಡುಗೆ ಮನೆ, ಬಟ್ಟೆ ಒಗೆಯುವ ಯಂತ್ರ, ಮತ್ತು ನಾಳೆ ಗಾಳಿ ಯಾವ ಕಡೆಯಿಂದ ಎಂದು ಹೇಳಬಲ್ಲ ಸ್ಥಳೀಯರು. ಮಹಿಳೆಯರಿಗೆ ಪ್ರತ್ಯೇಕ ಡಾರ್ಮಿಟರಿ ಬಹಳಷ್ಟು ಕಡೆ ಇರುತ್ತದೆ. ಕೋಣೆ ಕಾದಿರಿಸುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ, ಸೈಕಲ್ ಪ್ರವಾಸದ ರಾತ್ರಿ ದೊಡ್ಡ ಚೀಲ ಇಲ್ಲೇ ಇಟ್ಟುಹೋಗಬಹುದೇ? ಹೌದು ಎಂದರೆ ಅರ್ಧ ತಲೆನೋವು ಇಳಿದಂತೆ.

ಕ್ಯೋಟೊಗೆ ನೀರಿನ ದಾರಿ ಹಿಡಿದು

ಓತ್ಸುವಿನ ಬಿವಾಕೊ-ಹಾಮಾಓತ್ಸು ನಿಲ್ದಾಣದಿಂದ ಕೆಇಹಾನ್ ಕಂಪನಿಯ ಸಣ್ಣ ರೈಲೊಂದು ಹೊರಡುತ್ತದೆ. ಮೊದಲು ಅದು ಬೀದಿಯ ನಡುವೆ ಕಾರುಗಳ ಜೊತೆ ಓಡುತ್ತದೆ, ಆಮೇಲೆ ಗುಡ್ಡ ಹತ್ತುತ್ತದೆ, ಕೊನೆಗೆ ನೆಲದಡಿಗೆ ಇಳಿದು ಕ್ಯೋಟೊದ ಸಬ್‌ವೇ ಆಗಿಬಿಡುತ್ತದೆ. ದೊಡ್ಡ ಜೆಆರ್ ರೈಲಿಗಿಂತ ನಿಧಾನ, ದರವೂ ಹೆಚ್ಚು. ಆದರೂ ಒಮ್ಮೆ ಇದರಲ್ಲೇ ಹೋಗಿ, ಕೆಆಗೆ ಎಂಬಲ್ಲಿ ಇಳಿಯಿರಿ.

ಇಲ್ಲಿಂದ ಶುರುವಾಗುವ ನಡಿಗೆಗೆ ಹೆಚ್ಚುಕಡಿಮೆ ಖರ್ಚೇ ಇಲ್ಲ. 1869ರಲ್ಲಿ ರಾಜಧಾನಿ ಟೋಕಿಯೊಗೆ ಹೋದ ಮೇಲೆ ಕ್ಯೋಟೊ ಸೊರಗತೊಡಗಿತ್ತು. ಆಗ ಬೆಟ್ಟ ಕೊರೆದು ಬಿವಾ ಸರೋವರದ ನೀರನ್ನು ನಗರಕ್ಕೆ ತರುವ ಕಾಲುವೆಗೆ ಕೈಹಾಕಿದರು. ಹೊಣೆ ಹೊತ್ತ ಎಂಜಿನಿಯರ್ ತನಾಬೆ ಸಾಕುರೊ, ಆಗಷ್ಟೇ ಓದು ಮುಗಿಸಿದ್ದ ಹುಡುಗ. ಕಾಲುವೆ 1890ರಲ್ಲಿ ಮುಗಿಯಿತು, ಮರುವರ್ಷವೇ ಕೆಆಗೆಯಲ್ಲಿ ಜಲವಿದ್ಯುತ್ ಹುಟ್ಟಿತು. ನಮ್ಮ ಶಿವನಸಮುದ್ರದಲ್ಲಿ ಕರೆಂಟು ತಯಾರಾಗಿದ್ದು 1902ರಲ್ಲಿ. ಎರಡನ್ನೂ ನೋಡಿದವರಿಗೆ ಆ ಕಾಲದ ಎಂಜಿನಿಯರುಗಳ ಧೈರ್ಯ ಒಂದೇ ಜಾತಿಯದು ಅನಿಸುತ್ತದೆ. ಕೆಆಗೆಯಲ್ಲಿ ದೋಣಿಗಳನ್ನೇ ಹಳಿಯ ಮೇಲೆ ಇಟ್ಟು ಇಳಿಸುತ್ತಿದ್ದ ಇಳಿಜಾರು ಈಗಲೂ ಇದೆ, ಹಳಿಯ ಮೇಲೆ ನಡೆಯಬಹುದು. ಪಕ್ಕದ ಕಾಲುವೆ ವಸ್ತುಸಂಗ್ರಹಾಲಯಕ್ಕೆ ಶುಲ್ಕವಿಲ್ಲ, ಸೋಮವಾರ ರಜೆ.

ಅಲ್ಲಿಂದ ನಡೆದೇ ನಾನ್‌ಜೆಂಜಿ ದೇವಾಲಯ. ಅದರ ಆವರಣದೊಳಗೇ ಕೆಂಪು ಇಟ್ಟಿಗೆಯ ಕಮಾನುಗಳ ಮೇಲೆ ಕಾಲುವೆ ಇಂದಿಗೂ ಹರಿಯುತ್ತದೆ. ಮುಂದೆ ಅದೇ ನೀರಿನ ಒಂದು ಕವಲು ‘ತತ್ವಜ್ಞಾನಿಯ ದಾರಿ’ಯ ಪಕ್ಕದಲ್ಲಿ ಗಿಂಕಾಕುಜಿ ದೇವಾಲಯದವರೆಗೂ ನಿಮ್ಮ ಜೊತೆ ಬರುತ್ತದೆ. ಅರ್ಧ ದಿನ ಬೇಕು. ಕೈಯಲ್ಲಿ ನೀರಿನ ಬಾಟಲಿ, ಒಂದೆರಡು ಬಾಳೆಹಣ್ಣು ಇರಲಿ.

ಮತ್ತೊಂದು ದಿನ ಬೆಳಗ್ಗೆಯೇ ಎದ್ದು ಫುಶಿಮಿ ಇನಾರಿ ಮಂದಿರಕ್ಕೆ ಹೋಗಿ. ಕ್ಯೋಟೊ ನಿಲ್ದಾಣದಿಂದ ನಾರಾ ಮಾರ್ಗದಲ್ಲಿ ಎರಡನೇ ನಿಲ್ದಾಣ. ಪ್ರವೇಶ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ. ಏಳು ಗಂಟೆಯೊಳಗೆ ಹೋದರೆ ಆ ಕಿತ್ತಳೆ ಬಣ್ಣದ ತೋರಿ ಕಮಾನುಗಳ ಸಾಲು ನಿಮ್ಮದೇ. ಹತ್ತರ ಮೇಲೆ ಜಾತ್ರೆ. ಕಿಯೊಮಿಝು ದೇವಾಲಯವೂ ಬೆಳಗ್ಗೆ 6ಕ್ಕೇ ತೆರೆಯುತ್ತದೆ, 500 ಯೆನ್. ಇವೆರಡರಲ್ಲಿ ಒಂದನ್ನೇ ಬೆಳಗ್ಗೆಗೆ ಇಟ್ಟುಕೊಳ್ಳಿ.

ನಗರದೊಳಗೆ ಸಿಟಿ ಬಸ್ ದರ 230 ಯೆನ್, ಆದರೆ ಪ್ರವಾಸಿಗರಿಂದ ತುಂಬಿ ಆಮೆಯ ಹಾಗೆ ಸಾಗುತ್ತದೆ. ಒಂದು ಕಾಲದಲ್ಲಿ ಎಲ್ಲರೂ ಹೊಗಳುತ್ತಿದ್ದ ಬಸ್ ದಿನದ ಪಾಸು ಈಗ ಇಲ್ಲ. ಸಬ್‌ವೇ ಸೇರಿದ ಪಾಸು 1,100 ಯೆನ್. ನಡೆಯುವ ಅಭ್ಯಾಸವಿದ್ದರೆ ಅದೂ ಬೇಡ. ಗೇಯ್ಶಾ ಕಲಾವಿದೆಯರ ಹಳೆಯ ಬಡಾವಣೆಯಾದ ಗಿಯಾನ್‌ನ ಕೆಲವು ಓಣಿಗಳು ಖಾಸಗಿ, ಫಲಕ ಹಾಕಿದ್ದಾರೆ, ಒಳಗೆ ಹೋದರೆ 10,000 ಯೆನ್ ದಂಡ. ಗೇಯ್ಶಾಗಳ ಹಿಂದೆ ಕ್ಯಾಮೆರಾ ಹಿಡಿದು ಓಡಿದವರ ಪ್ರತಾಪದ ಫಲ ಇದು.

ಸೈಕಲ್: ಎಷ್ಟು ದೂರ, ಯಾವ ದಿಕ್ಕು

ಸರೋವರದ ಸುತ್ತ ಸೈಕಲ್ಲಿನಲ್ಲಿ ಒಂದು ಸುತ್ತು ಬರುವುದಕ್ಕೆ ಅಲ್ಲಿಯವರು ‘ಬಿವಾಯಿಚಿ’ ಅನ್ನುತ್ತಾರೆ. ಪೂರ್ತಿ ಸುತ್ತು ಸುಮಾರು 200 ಕಿಲೋಮೀಟರ್. ನಡುವೆ ಬಿವಾಕೊ ಸೇತುವೆ ದಾಟಿಕೊಂಡು ಉತ್ತರ ಭಾಗ ಮಾತ್ರ ಸುತ್ತಿದರೆ ಸುಮಾರು 150, ದಕ್ಷಿಣ ಭಾಗ ಮಾತ್ರವಾದರೆ ಸುಮಾರು 50. 2019ರ ನವೆಂಬರ್‌ನಲ್ಲಿ ಜಪಾನ್ ಸರ್ಕಾರ ಮೊದಲ ಬಾರಿಗೆ ಘೋಷಿಸಿದ ಮೂರು ರಾಷ್ಟ್ರೀಯ ಸೈಕಲ್ ಮಾರ್ಗಗಳಲ್ಲಿ ಇದೂ ಒಂದು. ರಸ್ತೆಯ ಎಡ ಅಂಚಿನಲ್ಲಿ ನೀಲಿ ಬಣ್ಣದ ಬಾಣ, ಗೆರೆ ಬರೆದಿದ್ದಾರೆ. ಅದನ್ನು ಹಿಡಿದು ಹೋದರೆ ನಕ್ಷೆ ನೋಡುವ ಪ್ರಮೇಯ ಕಡಿಮೆ.

ದಿಕ್ಕು ಮುಖ್ಯ. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಹೋಗಿ. ಜಪಾನಿನಲ್ಲಿ ನಮ್ಮಂತೆಯೇ ವಾಹನ ಎಡಗಡೆ, ಹಾಗಾಗಿ ಈ ದಿಕ್ಕಿನಲ್ಲಿ ಸರೋವರ ಸದಾ ನಿಮ್ಮ ಎಡಕ್ಕೇ ಇರುತ್ತದೆ. ದಂಡೆಗೆ ಇಳಿಯಲು ರಸ್ತೆ ದಾಟಬೇಕಿಲ್ಲ, ಅಡ್ಡರಸ್ತೆಗಳೂ ಕಡಿಮೆ.

ಹೊಸಬರಿಗೆ ದಕ್ಷಿಣದ 50 ಕಿಲೋಮೀಟರ್ ಸಾಕು. ಓತ್ಸು ದಂಡೆಯಿಂದ ಹೊರಟು ಸೆತಾ ನದಿಯ ಹಳೆಯ ಸೇತುವೆ, ಕುಸಾತ್ಸುವಿನ ಕರಾಸುಮಾ ಪರ್ಯಾಯದ್ವೀಪ, ಬಿವಾಕೊ ಸೇತುವೆ, ಆಚೆ ದಡದಲ್ಲಿ ಕತಾತಾದ ನೀರಿನ ಮೇಲೆ ನಿಂತ ಉಕಿಮಿದೊ ಮಂದಿರ, ಮತ್ತೆ ಓತ್ಸು. ಸಮತಟ್ಟು ದಾರಿ. ಕತಾತಾದಿಂದ ಕೆಳಗೆ ರಸ್ತೆ ಇಕ್ಕಟ್ಟು, ವಾಹನ ಜಾಸ್ತಿ. ಅಲ್ಲಿ ಮಾತ್ರ ಎಚ್ಚರ.

ಆದರೆ ಬಿವಾದ ನಿಜವಾದ ರುಚಿ ಇರುವುದು ಉತ್ತರದಲ್ಲಿ. ವಾರಕ್ಕೆರಡು ದಿನವಾದರೂ ಸೈಕಲ್ ತುಳಿಯುವ ರೂಢಿ ಇದ್ದರೆ ಎರಡು ದಿನ ಇಟ್ಟು ಇದನ್ನೇ ಮಾಡಿ. ಮೈಬಾರಾ ನಿಲ್ದಾಣದಲ್ಲೇ ಬಾಡಿಗೆ ಸೈಕಲ್ ಸಿಗುತ್ತದೆ. ಆನ್‌ಲೈನಿನಲ್ಲಿ ಮುಂಚೆಯೇ ಕಾದಿರಿಸಿ, ನಿಮ್ಮ ಎತ್ತರ ತಿಳಿಸಿ. ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕ್ ಅಭ್ಯಾಸವಿಲ್ಲದವರು ನೇರ ಹ್ಯಾಂಡಲ್ಲಿನ ಕ್ರಾಸ್ ಬೈಕ್ ಕೇಳಿ. ಹೆಲ್ಮೆಟ್, ಬೀಗ, ದೀಪ, ಪಂಪು, ಹೆಚ್ಚುವರಿ ಟ್ಯೂಬು, ವಿಮೆ, ಇವೆಲ್ಲ ಬಾಡಿಗೆಯಲ್ಲಿ ಸೇರಿವೆಯೇ ಎಂದು ಕೇಳಿಯೇ ಹಣ ಕೊಡಿ. ಶಿಗಾ ಪ್ರಾಂತ್ಯದಲ್ಲಿ ಸೈಕಲ್ ವಿಮೆ 2016ರಿಂದ ಕಡ್ಡಾಯ.

ಮೊದಲ ದಿನ ಉತ್ತರಕ್ಕೆ. ನಾಗಾಹಾಮಾ ಹತ್ತಿರದಲ್ಲೇ ಸಿಗುತ್ತದೆ. ಹಳೆಯ ಕಪ್ಪು ಗೋಡೆಯ ಕಟ್ಟಡಗಳ ಬೀದಿಯಲ್ಲಿ ಒಂದು ಕಾಫಿ ಕುಡಿದು, ನೀರು ತುಂಬಿಸಿಕೊಳ್ಳಿ. ಮುಂದಿನ ಕೊಹೊಕು ಭಾಗದ ದಂಡೆ ಹಕ್ಕಿಗಳ ತಾಣ, ಚಳಿಗಾಲ ಬಂತೆಂದರೆ ಹಂಸಗಳು ಇಳಿಯುತ್ತವೆ. ಅಲ್ಲಿನ ರಸ್ತೆ ಬದಿಯ ವಿಶ್ರಾಂತಿ ತಾಣದಲ್ಲಿ ಹೊಟ್ಟೆ ತುಂಬಿಸಿಕೊಳ್ಳಿ, ಯಾಕೆಂದರೆ ಇದರ ನಂತರ ಮಾಕಿನೊ ತನಕ ಅಂಗಡಿಗಳು ವಿರಳ. ಶಿಝುಗಾತಾಕೆ ಗುಡ್ಡದ ಏರು ಇಡೀ ಸುತ್ತಿನ ಕಷ್ಟದ ಜಾಗ. ಹೊಸ ಸುರಂಗದಲ್ಲಿ ಲಾರಿಗಳ ಜೊತೆ ನುಗ್ಗಬೇಡಿ. ನೀಲಿ ಬಾಣ ಹಳೆಯ ಸುರಂಗದ ಕಡೆ ಕರೆದೊಯ್ಯುತ್ತದೆ, ಅದರಿಂದ ಹೊರಬಂದ ಕೂಡಲೇ ಸರೋವರ ಕೆಳಗೆ ತೆರೆದುಕೊಳ್ಳುತ್ತದೆ. ಏದುಸಿರು ಬಿಟ್ಟದ್ದು ಸಾರ್ಥಕ. ಮುಂದೆ ನೀರಿಗೆ ಚಾಚಿದ ಗುಡ್ಡಗಾಡು ಪರ್ಯಾಯದ್ವೀಪವನ್ನು ಸುತ್ತುವ ಹಟ ಬೇಡ, ಅಡ್ಡದಾರಿಯಲ್ಲಿ ಓಉರಾ ಸೇರಿ ಕಾಯ್ಝು ಓಸಾಕಿಗೆ ಇಳಿಯಿರಿ. ಈ ತುಣುಕು ನನಗೆ ಇಡೀ ಬಿವಾಯಿಚಿಯಲ್ಲೇ ಅಚ್ಚುಮೆಚ್ಚು, ಹೂವಿಲ್ಲದ ಕಾಲದಲ್ಲೂ. ರಾತ್ರಿಗೆ ಮಾಕಿನೊ ಅಥವಾ ಇಮಾಝು. ನವೆಂಬರ್ ಕೊನೆಯಲ್ಲಿ ಹೋದವರು ಮಾಕಿನೊದ ಮೆಟಾಸೆಕೋಯಾ ಮರಗಳ ಸಾಲು ನೋಡದೆ ಬರಬಾರದು, 2.4 ಕಿಲೋಮೀಟರ್ ಉದ್ದಕ್ಕೆ ಇಡೀ ಸಾಲು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ.

ಎರಡನೇ ದಿನ ಪಶ್ಚಿಮ ದಂಡೆಯಲ್ಲಿ ದಕ್ಷಿಣಕ್ಕೆ. ಶಿರಾಹಿಗೆ ಮಂದಿರದ ತೋರಿ ಕಮಾನು ನೀರಿನೊಳಗೆ ನಿಂತಿದೆ, ಎಲ್ಲರಿಗೂ ಫೋಟೊ ಬೇಕು. ಆದರೆ ಮಂದಿರಕ್ಕೂ ನೀರಿಗೂ ನಡುವೆ 161ನೇ ಹೆದ್ದಾರಿ ಬಿಡುವಿಲ್ಲದೆ ಓಡುತ್ತದೆ. ರಸ್ತೆ ದಾಟಿ ಓಡಾಡಬೇಡಿ. ಮಂದಿರದ ಆವರಣದಲ್ಲೇ ವೀಕ್ಷಣಾ ವೇದಿಕೆ ಕಟ್ಟಿದ್ದಾರೆ, ಫೋಟೊ ಅಲ್ಲಿಂದಲೇ ಚೆನ್ನಾಗಿ ಬರುತ್ತದೆ. ಆಮೇಲೆ ಓಮಿ-ಮೈಕೊದ ಪೈನ್ ಮರಗಳ ದಂಡೆ, ಕತಾತಾ, ಸೇತುವೆ. ಸೇತುವೆ ದಾಟಿ ಮತ್ತೆ ಉತ್ತರಕ್ಕೆ ತಿರುಗಿ ಓಮಿಹಾಚಿಮಾನ್, ಹಿಕೊನೆ ಮೂಲಕ ಮೈಬಾರಾ. ಹಿಕೊನೆ ಕೋಟೆಯ ಗೋಪುರ ಜಪಾನಿನ ರಾಷ್ಟ್ರೀಯ ನಿಧಿಯೆನಿಸಿದ ಐದು ಕೋಟೆ ಗೋಪುರಗಳಲ್ಲಿ ಒಂದು. ಅದನ್ನು ಸೈಕಲ್ ದಿನಕ್ಕೆ ತುರುಕದೆ ಇನ್ನೊಂದು ಸಂಜೆ ರೈಲಿನಲ್ಲಿ ಹೋಗಿ ನೋಡಿ.

ಸುತ್ತು ಪೂರ್ತಿಯಾಗಲೇಬೇಕೆಂದಿಲ್ಲ

ಬಿವಾ ಸುತ್ತ ಒಬ್ಬರೇ ಹೋಗಲು ಧೈರ್ಯ ಕೊಡುವುದು ರೈಲು. ಸರೋವರದ ಸುತ್ತಲೂ ಹಳಿ ಇದೆ: ಪೂರ್ವಕ್ಕೆ ಬಿವಾಕೊ ಮಾರ್ಗ, ಪಶ್ಚಿಮಕ್ಕೆ ಕೊಸೆಯ್ ಮಾರ್ಗ, ಉತ್ತರದಲ್ಲಿ ಎರಡೂ ಕೂಡುತ್ತವೆ. ಮೊಣಕಾಲು ನೋವು ಬಂತೋ, ಮಳೆ ಹಿಡಿಯಿತೋ, ಹತ್ತಿರದ ನಿಲ್ದಾಣಕ್ಕೆ ಹೋದರಾಯಿತು. ಆದರೆ ಜೆಆರ್ ರೈಲಿನೊಳಗೆ ಸೈಕಲ್ಲನ್ನು ಹಾಗೇ ತಳ್ಳಿಕೊಂಡು ಹೋಗುವಂತಿಲ್ಲ. ಗಾಲಿ ಬಿಚ್ಚಿ, ಪೂರ್ತಿ ಮುಚ್ಚುವ ‘ರಿಂಕೊ’ ಚೀಲದಲ್ಲಿ ಹಾಕಬೇಕು. ಹಾಗೆ ಹಾಕಿದರೆ ಶುಲ್ಕವಿಲ್ಲ. ಬಾಡಿಗೆ ಅಂಗಡಿಯಲ್ಲಿ ಈ ಚೀಲ ಸಿಗುತ್ತದೆಯೇ ಕೇಳಿ. ಬೇರೆ ಊರಿನಲ್ಲಿ ಸೈಕಲ್ ಬಿಟ್ಟುಹೋಗುವ ಸೌಲಭ್ಯ ಇದೆಯೇ ಎಂದೂ ಕೇಳಿ.

ಗಾಳಿಯ ವಿಷಯ ಹಗುರವಾಗಿ ಎಣಿಸಬೇಡಿ. ಪಶ್ಚಿಮದ ಹಿರಾ ಬೆಟ್ಟಗಳಿಂದ ಇಳಿಯುವ ಬಿರುಗಾಳಿಗೆ ಕೊಸೆಯ್ ಮಾರ್ಗದ ರೈಲುಗಳೇ ನಿಂತುಹೋಗುತ್ತವೆ. ರೈಲು ನಿಲ್ಲುವ ಗಾಳಿಯಲ್ಲಿ ಸೈಕಲ್ ಏನು ಗತಿ? ಮುನ್ಸೂಚನೆ ನೋಡಿ, ಕೆಟ್ಟದಿದ್ದರೆ ಆ ದಿನವನ್ನು ಕ್ಯೋಟೊಗೆ ಕೊಡಿ. ಇದಕ್ಕೇ ಪಟ್ಟಿಯಲ್ಲಿ ಒಂದು ದಿನ ಸಡಿಲ ಬಿಟ್ಟಿರಬೇಕು.

ನಿಯಮಗಳು ಕಟ್ಟುನಿಟ್ಟು. ಅಲ್ಲಿ ಸೈಕಲ್ಲೂ ವಾಹನವೇ. ಎಡಬದಿಯಲ್ಲೇ ಹೋಗಬೇಕು, ಫಲಕವಿದ್ದಲ್ಲಿ ಮಾತ್ರ ಫುಟ್‌ಪಾತು, ಅಲ್ಲೂ ನಡೆಯುವವರಿಗೇ ಮೊದಲ ಹಕ್ಕು. ಕತ್ತಲಾದರೆ ದೀಪ ಕಡ್ಡಾಯ. 2023ರಿಂದ ಹೆಲ್ಮೆಟ್ ಹಾಕಲು ಕಾನೂನೇ ಹೇಳುತ್ತದೆ, ದಂಡವಿಲ್ಲದಿದ್ದರೂ. ಸವಾರಿ ಮಾಡುತ್ತ ಫೋನ್ ಹಿಡಿದರೆ ಮಾತ್ರ 2024ರ ನವೆಂಬರ್‌ನಿಂದ ಕಠಿಣ ಶಿಕ್ಷೆ ಇದೆ. ನಕ್ಷೆ ನೋಡಬೇಕಾದರೆ ನಿಲ್ಲಿಸಿಯೇ ನೋಡಿ. ಮದ್ಯ ಕುಡಿದು ಸೈಕಲ್ ಹತ್ತುವುದೂ ಅಪರಾಧ.

ಸಸ್ಯಾಹಾರಿಗಳ ಹೊಟ್ಟೆಪಾಡು

ಇದನ್ನು ಬಣ್ಣ ಹಚ್ಚದೆ ಹೇಳಬೇಕು: ಕಷ್ಟ ಇದೆ. ‘ದಾಶಿ’ ಎಂಬ ಮೀನಿನ ಸಾರು ಸೊಪ್ಪಿನ ಪಲ್ಯದಿಂದ ಹಿಡಿದು ನೂಡಲ್ಸ್‌ವರೆಗೆ ಎಲ್ಲದರೊಳಗೂ ಇರುತ್ತದೆ. ಮಾಂಸ ಬೇಡ ಅಂದರೆ ಮೀನೂ ಬೇಡ ಎಂದು ಅಡುಗೆಯವರಿಗೆ ಅರ್ಥವಾಗುವುದಿಲ್ಲ. ‘ಮಾಂಸ, ಮೀನು, ದಾಶಿ ಬೇಡ’ ಎಂದು ಜಪಾನಿ ಲಿಪಿಯಲ್ಲಿ ಬರೆದ ಚೀಟಿ ಫೋನಿನಲ್ಲಿರಲಿ. ಕ್ಯೋಟೊದಲ್ಲಿ ಸಸ್ಯಾಹಾರಿ ಹೋಟೆಲುಗಳಿವೆ, ಭಾರತೀಯ ಹೋಟೆಲುಗಳೂ ಇವೆ. ಉತ್ತರ ದಂಡೆಯಲ್ಲಿ ಅವೆಲ್ಲ ಕನಸು.

ಹಾಗಾಗಿ ಸೈಕಲ್ ದಿನಗಳಿಗೆ ನಮ್ಮ ಕಡೆಯ ಉಪಾಯವೇ ವಾಸಿ. ಪ್ಯಾಕ್ ಮಾಡಿದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ಯಿರಿ. ಅಲ್ಲಿನ ಅಂಗಡಿಗಳಲ್ಲಿ ಬೇಯಿಸಿದ ಅನ್ನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುತ್ತದೆ, ಹಾಸ್ಟೆಲ್ಲಿನ ಮೈಕ್ರೋವೇವಿನಲ್ಲಿ ಎರಡು ನಿಮಿಷ ಇಟ್ಟು ಕಲಸಿದರೆ ಬುತ್ತಿ ಸಿದ್ಧ. ದಾರಿಯಲ್ಲಿ ಒನಿಗಿರಿ ಅನ್ನದುಂಡೆ ಕೊಳ್ಳುವುದಾದರೆ ಬರೀ ಉಪ್ಪಿನದು ಅಥವಾ ಉಪ್ಪಿನಲ್ಲಿಟ್ಟ ಉಮೆ ಹಣ್ಣಿನದು ಆರಿಸಿ, ಪೊಟ್ಟಣದ ಮೇಲೆ ಅಚ್ಚಾದ ಪದಾರ್ಥಗಳ ಪಟ್ಟಿಯನ್ನು ಅನುವಾದ ಆ್ಯಪಿನಲ್ಲಿ ಓದಿ. ಬಾಳೆಹಣ್ಣು, ಸೋಯಾ ಹಾಲು, ಬ್ರೆಡ್ಡು ಎಲ್ಲೆಡೆ ಇವೆ, ನಲ್ಲಿ ನೀರು ಕುಡಿಯಲು ಯೋಗ್ಯ. ಹಸಿ ಕರಿಬೇವು, ತಾಜಾ ಹಣ್ಣು, ಮಾಂಸದ ಪದಾರ್ಥ ಮಾತ್ರ ಭಾರತದಿಂದ ಒಯ್ಯಬೇಡಿ, ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತದೆ. ಮಾಂಸಾಹಾರಿಗಳಿಗೆ ಚಿಂತೆಯೇ ಇಲ್ಲ: ರಾತ್ರಿ ಏಳು–ಎಂಟರ ಮೇಲೆ ಸೂಪರ್‌ಮಾರ್ಕೆಟ್ಟಿನಲ್ಲಿ ತಯಾರಿ ಊಟದ ಡಬ್ಬಿಗಳಿಗೆ ಅರ್ಧ ಬೆಲೆಯ ಚೀಟಿ ಅಂಟಿಸುತ್ತಾರೆ. ಹಿಕೊನೆಯಲ್ಲಿ ಹುಟ್ಟಿದ ಹೇಯ್ವಾದೊ ಎಂಬ ಅಂಗಡಿ ಸರಣಿ ಸರೋವರದ ಸುತ್ತಲಿನ ಊರುಗಳಲ್ಲಿ ಕಾಣಸಿಗುತ್ತದೆ.

ಹೊರಡುವ ಮುನ್ನ

ಆ ದಿನ ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ ಎಂಬುದನ್ನು ಮನೆಯವರಿಗೆ ಮತ್ತು ತಂಗುವ ಹಾಸ್ಟೆಲ್ಲಿನವರಿಗೆ ತಿಳಿಸಿ. ಪೊಲೀಸ್ 110, ಆಂಬುಲೆನ್ಸ್ 119. ಪ್ರವಾಸ ವಿಮೆ ತೆಗೆಯುವಾಗ ಸೈಕಲ್ ಸವಾರಿಯ ಗಾಯಕ್ಕೂ ಅನ್ವಯಿಸುತ್ತದೆಯೇ ಎಂದು ಷರತ್ತು ಓದಿ. ಬಾಡಿಗೆ ಅಂಗಡಿಗಳು ಸಂಜೆ ಬೇಗ ಬಾಗಿಲು ಹಾಕುತ್ತವೆ. ಹಿಂತಿರುಗಿಸುವ ಹೊತ್ತನ್ನು ಫೋನಿನಲ್ಲಿ ಬರೆದಿಟ್ಟು, ಎರಡನೇ ದಿನ ಮಧ್ಯಾಹ್ನ ಒಂದರೊಳಗೆ ಬಿವಾಕೊ ಸೇತುವೆ ಮುಟ್ಟದಿದ್ದರೆ ಉಳಿದ ದಾರಿಗೆ ರೈಲೇ ಸರಿ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಕತಾತಾ ನಿಲ್ದಾಣ ಸೇತುವೆಯ ಪಶ್ಚಿಮ ತುದಿಯಿಂದ ಹೆಚ್ಚು ದೂರವಿಲ್ಲ.